ಉಪ್ಪರಿಗೆಯ ಲ್ಯಾಪ್‌ಟಾಪಿನಿಂದ ಜಗಲಿಯ ರೂಟರಿಗೆ

ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವ ಜಾಗ ಒಂದೇ, ಉಪ್ಪರಿಗೆಯ ಮೂಡಣ ಕಿಟಕಿ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾಯಿತೆಂದರೆ ದುರಸ್ತಿಯವರು ಬರುವತನಕ ಆ ಕಿಟಕಿಯೇ ಗತಿ. ಫೋನಿನ ಹಾಟ್‌ಸ್ಪಾಟ್ ಚೀರೆಕಲ್ಲಿನ ಗೋಡೆ ದಾಟಿ ಜಗಲಿಗೆ ಇಳಿಯುವುದಿಲ್ಲ. ಹಾಗಾಗಿ ಫೋನನ್ನು ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಕೇಬಲಿನಲ್ಲಿ ಕೊಡುವ ವ್ಯವಸ್ಥೆ) ಮೂಲಕ ವಿಂಡೋಸ್ ಲ್ಯಾಪ್‌ಟಾಪಿಗೆ ಜೋಡಿಸಿ, ಅಲ್ಲಿಂದ ಈಥರ್ನೆಟ್ ಕೇಬಲನ್ನು ಕೆಳಗಿಳಿಸಿ, ಮೂಲೆ ಸೇರಿದ್ದ ಹಳೆಯ ವೈಫೈ ರೂಟರಿಗೆ ಕೊಟ್ಟೆ. ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ, ಯುಎಸ್‌ಬಿ ಕೇಬಲ್ 5 ಮೀಟರಿಗೇ ಸುಸ್ತು. ಲ್ಯಾಪ್‌ಟಾಪ್ ಮೇಲೆ, ರೂಟರ್ ಕೆಳಗೆ ಇರಬೇಕಾದದ್ದು ಇದಕ್ಕೇ.

ಹೀಗೆ ಒಂದು ಕಡೆಯಿಂದ ಬಂದ ಇಂಟರ್ನೆಟ್ಟನ್ನು ಇನ್ನೊಂದು ಕಡೆಗೆ ಹಂಚುವ ‘ಇಂಟರ್ನೆಟ್ ಕನೆಕ್ಷನ್ ಶೇರಿಂಗ್’ ಸೌಲಭ್ಯ ವಿಂಡೋಸಿನಲ್ಲಿ 1999ರ ವಿಂಡೋಸ್ 98 ಸೆಕೆಂಡ್ ಎಡಿಷನ್ನಿನಿಂದಲೂ ಇದೆ. ಆದರೂ ಅದಕ್ಕೆ ಕಂಟ್ರೋಲ್ ಪ್ಯಾನಲಿನ ಒಳಮನೆಯಲ್ಲೇ ವಾಸ. ನೆಟ್‌ವರ್ಕ್ ಕನೆಕ್ಷನ್ಸ್ ತೆರೆದರೆ ಫೋನ್ ಕೂಡ ಒಂದು ಈಥರ್ನೆಟ್ ಅಡಾಪ್ಟರಿನ ವೇಷದಲ್ಲಿ ಕುಳಿತಿರುತ್ತದೆ, ಅಡಿಯಲ್ಲಿ ‘ರಿಮೋಟ್ ಎನ್‌ಡಿಐಎಸ್’ ಎಂಬ ಗುರುತು. ಎರಡು ಈಥರ್ನೆಟ್‌ಗಳ ಗೊಂದಲ ಬೇಡವೆಂದು ಮೊದಲೇ ಒಂದಕ್ಕೆ ‘ಫೋನ್’, ಇನ್ನೊಂದಕ್ಕೆ ‘ಜಗಲಿ’ ಎಂದು ಹೆಸರಿಟ್ಟೆ.

ಹಂಚಿಕೆ ಶುರುಮಾಡುವ ಮುಂಚೆ ರೂಟರನ್ನು ಸಿದ್ಧಪಡಿಸಿಕೊಳ್ಳಬೇಕು. ಲ್ಯಾಪ್‌ಟಾಪಿನ ಕೇಬಲನ್ನು ರೂಟರಿನ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಬರುವ ಕಿಂಡಿಗೆ) ಚುಚ್ಚಿದರೆ ಹೆಚ್ಚೇನೂ ಬದಲಿಸದೆ ಇಂಟರ್ನೆಟ್ ಬರುತ್ತದೆ, ಅವಸರದವರಿಗೆ ಅದೇ ಸಾಕು. ಆದರೆ ಆಗ ರೂಟರಿನ ಹಿಂದೆ ಬೇರೆಯದೇ ಒಂದು ನೆಟ್‌ವರ್ಕ್ ಆಗಿ, ಕೆಳಗಿನ ಪ್ರಿಂಟರ್ ಮೇಲಿನ ಲ್ಯಾಪ್‌ಟಾಪಿಗೆ ಕಾಣುವುದಿಲ್ಲ. ನನಗೆ ಮನೆಯೆಲ್ಲ ಒಂದೇ ನೆಟ್‌ವರ್ಕಿನಲ್ಲಿರಬೇಕಿತ್ತು. ಅದಕ್ಕೆ ಮನೆಯೊಳಗಿನ ಸಾಧನಗಳಿಗಿರುವ ಲ್ಯಾನ್ ಪೋರ್ಟನ್ನೇ ಆರಿಸಿಕೊಂಡೆ.

ಹೀಗೆ ಮಾಡುವಾಗ ಐಪಿ ವಿಳಾಸ ಹಂಚುವ ಯಜಮಾನಿಕೆ ಒಬ್ಬರದೇ ಆಗಿರಬೇಕು. ಹಂಚಿಕೆ ಶುರುವಾದೊಡನೆ ವಿಂಡೋಸ್ ತಾನೇ 192.168.137.1 ಆಗಿ ಉಳಿದವರಿಗೆ ವಿಳಾಸ ಕೊಡಲು ನಿಲ್ಲುತ್ತದೆ. ರೂಟರ್ ಕೂಡ ಅದೇ ಕೆಲಸ ಮಾಡಿದರೆ ಕೆಲವು ಫೋನುಗಳಿಗೆ ಇಂಟರ್ನೆಟ್ ಸಿಗುತ್ತದೆ, ಕೆಲವಕ್ಕೆ ಇಲ್ಲ, ಯಾಕೆಂದು ತಿಳಿಯದೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ರೂಟರಿನ ಲ್ಯಾನ್ ವಿಳಾಸವನ್ನು 192.168.137.2 ಎಂದು ಬದಲಿಸಿ, ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, ವಿಳಾಸ ಹಂಚುವ ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಿದೆ. ಇದೇ ಕ್ರಮದಲ್ಲಿ ಮಾಡಿ. ಮೊದಲೇ ಡಿಎಚ್‌ಸಿಪಿ ನಿಲ್ಲಿಸಿದರೆ ಹೊಸ ವಿಳಾಸಕ್ಕೆ ತಲುಪಲು ಕೈಯಾರೆ ಐಪಿ ಬರೆಯುವ ರಗಳೆ.

ಆಮೇಲೆ ಉಳಿದದ್ದು ಸುಲಭ. ‘ಫೋನ್’ ಅಡಾಪ್ಟರಿನ ಪ್ರಾಪರ್ಟೀಸ್, ಅದರಲ್ಲಿ ಶೇರಿಂಗ್, ಮೊದಲ ಚೌಕಕ್ಕೆ ಗುರುತು, ಪಟ್ಟಿಯಲ್ಲಿ ‘ಜಗಲಿ’. ಇಂಟರ್ನೆಟ್ ಬರುತ್ತಿರುವ ಅಡಾಪ್ಟರಿನಲ್ಲೇ ಗುರುತು ಹಾಕಬೇಕು, ಪಡೆಯುವುದರಲ್ಲಿ ಅಲ್ಲ. ವ್ಯಾನ್ ಪೋರ್ಟ್ ಖಾಲಿ ಇರುವುದರಿಂದ ರೂಟರಿನ ಇಂಟರ್ನೆಟ್ ದೀಪ ಹಸಿರಾಗುವುದಿಲ್ಲ. ಮನೆಯವರು ‘ನೆಟ್ ಇಲ್ಲ, ದೀಪ ಕೆಂಪಿದೆ’ ಎಂದು ಗಾಬರಿಯಾಗುತ್ತಾರೆ, ಅಷ್ಟೇ.

ಲ್ಯಾಪ್‌ಟಾಪ್ ನಿದ್ದೆ ಹೋದರೆ ಇಡೀ ಮನೆಯ ಇಂಟರ್ನೆಟ್ಟೂ ನಿದ್ದೆ ಹೋಗುತ್ತದೆ. ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ತೆಗೆದು, ಮುಚ್ಚಳ ಮುಚ್ಚಿದರೂ ಏನೂ ಮಾಡಬೇಡ ಎಂದು ಹೇಳಿಟ್ಟಿದ್ದೇನೆ. ರೀಸ್ಟಾರ್ಟ್ ಆದ ಮೇಲೆ ಗುರುತು ಇದ್ದಂತೆಯೇ ಇದ್ದು ಹಂಚಿಕೆ ಮಾತ್ರ ಸತ್ತಿರುವುದು ವಿಂಡೋಸ್ 10ರ ಹಳೆಯ ಚಾಳಿ. ಗುರುತು ತೆಗೆದು ಓಕೆ ಒತ್ತಿ, ಮತ್ತೆ ಹಾಕಿದರೆ ಜೀವ ಬರುತ್ತದೆ.

ನಿಜವಾದ ತಲೆನೋವು ಡೇಟಾ. ಜಗಲಿಯ ಫೋನುಗಳಿಗೆ ಕಾಣುವುದು ಬರೀ ವೈಫೈ, ಅದರ ಹಿಂದೆ ದಿನದ 2 ಜಿಬಿ ಪ್ಯಾಕ್ ಇದೆಯೆಂದು ಅವಕ್ಕೇನು ಗೊತ್ತು? ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಎಲ್ಲವೂ ಮುಗಿಬೀಳುತ್ತವೆ. ಆಂಡ್ರಾಯ್ಡ್ ಫೋನುಗಳಲ್ಲಿ ಈ ವೈಫೈಯನ್ನು ‘ಮೀಟರ್ಡ್’ (ಡೇಟಾಕ್ಕೆ ಮಿತಿಯಿದೆ) ಎಂದು ಗುರುತಿಸಿದ ಮೇಲೆ ಬಹುಮಟ್ಟಿಗೆ ತಣ್ಣಗಾದವು. ನಮ್ಮ ಟಿವಿಯಲ್ಲಿ ಆ ಆಯ್ಕೆ ಸಿಗಲಿಲ್ಲ. ವೈಫೈ ಪಾಸ್‌ವರ್ಡ್ ಬದಲಿಸಿ, ಅದಕ್ಕೆ ಮಾತ್ರ ಹೇಳದೆ ಬಿಟ್ಟೆ.