ಗ್ರೀನ್‌ವಿಲ್‌ಗೆ ಸಂಸಾರ ಸಾಗಿಸುವವರಿಗೆ

ನ್ಯೂಜೆರ್ಸಿ ಬಿಟ್ಟು ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್‌ಗೆ ಬಂದ ಮಾರನೇ ದಿನ, ಪೆಟ್ಟಿಗೆಗಳ ಮಧ್ಯೆ ಸೌಟು ಹುಡುಕುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಬನಾನಾ ಬ್ರೆಡ್ ಹಿಡಿದು ಬಾಗಿಲಿಗೆ ಬಂದರು. ಬ್ರೆಡ್ಡಿನ್ನೂ ಬಿಸಿಯಾಗಿತ್ತು. ಇಂಥ ಊರಿಗೆ ಬರುವವರು ಮನಸ್ಸಿಗಿಂತ ಮೊದಲು ಕಾಗದಪತ್ರ ಸಿದ್ಧಮಾಡಿಕೊಳ್ಳಿ. ಒಗ್ಗಿಸಿಕೊಳ್ಳುವ ಕೆಲಸವನ್ನು ಊರೇ ಮಾಡುತ್ತದೆ.

ಬೇರೆ ರಾಜ್ಯದಿಂದ ತಂದ ಕಾರನ್ನು 45 ದಿನದೊಳಗೆ ಇಲ್ಲಿ ನೋಂದಾಯಿಸಬೇಕು. ಲೈಸೆನ್ಸ್ ಬದಲಿಸಲು 90 ದಿನ ಇದೆ. ಹೊಸಬರು ಎಡವುವುದು ಯಾವುದು ಮೊದಲು ಎನ್ನುವಲ್ಲಿ. ಕಾರಿಗೂ ಇಲ್ಲಿ ಆಸ್ತಿ ತೆರಿಗೆ ಉಂಟು. ಅದನ್ನು ಮೊದಲು ಕೌಂಟಿಗೆ (ನಮ್ಮ ಜಿಲ್ಲಾಡಳಿತದಂಥದ್ದು) ಕಟ್ಟಿ, ಆ ರಸೀದಿ ಹಿಡಿದೇ ಡಿಎಂವಿಗೆ, ಅಂದರೆ ಇಲ್ಲಿನ ಆರ್‌ಟಿಒ ಕಚೇರಿಗೆ, ಹೋಗಿ. ಹೊರರಾಜ್ಯದ ಕಾರಿಗೆ ರಸ್ತೆ ನಿರ್ವಹಣೆಯ ಶುಲ್ಕವೆಂದು 250 ಡಾಲರ್ ಬೇರೆ ಎತ್ತಿಟ್ಟಿರಿ.

ಮನೆ ಕೊಂಡರೆ ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ನೀವೇ ವಾಸವಿರುವ ಮನೆಗೆ ಬೆಲೆಯ ಶೇ 4ರಷ್ಟು ಭಾಗಕ್ಕೆ ಮಾತ್ರ ತೆರಿಗೆ ಲೆಕ್ಕ ಹಾಕುತ್ತಾರೆ, ಇಲ್ಲವಾದರೆ ಶೇ 6ರಷ್ಟು ಭಾಗಕ್ಕೆ. ಶಾಲೆಗಳ ನಿರ್ವಹಣೆಯ ತೆರಿಗೆಯಿಂದಲೂ ವಾಸದ ಮನೆಗೆ ವಿನಾಯಿತಿ ಇದೆ. ಇದು ತಾನಾಗಿ ಸಿಗುವುದಿಲ್ಲ, ಕೌಂಟಿಗೆ ಅರ್ಜಿ ಹಾಕಬೇಕು. ಬೀಗದ ಕೈ ಸಿಕ್ಕ ವಾರವೇ ಹಾಕಿಬಿಡಿ.

ಬಿಎಂಡಬ್ಲ್ಯೂ ಕಾರ್ಖಾನೆಯಲ್ಲಿ ಕೆಲಸವಾದರೆ ಗ್ರಿಯರ್ ಕಡೆ ಮನೆ ನೋಡಿ. ಬಸ್ ನಂಬಿ ಬರಬೇಡಿ, ಇಬ್ಬರೂ ದುಡಿಯುವ ಮನೆಗೆ ಎರಡು ಕಾರು ಬೇಕೇ ಬೇಕು.

ಮಾರ್ಚ್ ಕೊನೆಗೆ ಪೈನ್ ಮರಗಳ ಪರಾಗ ಉದುರುತ್ತದೆ. ಕಾರು, ಜಗಲಿ, ಮಕ್ಕಳ ಸೈಕಲ್ಲು, ಎಲ್ಲದರ ಮೇಲೂ ಅರಿಸಿನ ಚೆಲ್ಲಿದ ಹಾಗೆ. ಅಲರ್ಜಿ ಇದ್ದವರು ಮಾತ್ರೆಯನ್ನು ಫೆಬ್ರವರಿಯಲ್ಲೇ ವೈದ್ಯರನ್ನು ಕೇಳಿ ಇಟ್ಟುಕೊಳ್ಳಿ.

ಸಂಜೆ ಫಾಲ್ಸ್ ಪಾರ್ಕಿಗೆ ಹೋಗಿ. ರೀಡಿ ನದಿಯ ಜಲಪಾತದ ಮೇಲೆಯೇ ಒಂದು ಕಾಲಕ್ಕೆ ರಸ್ತೆಯ ಸೇತುವೆ ಹಾದುಹೋಗಿತ್ತು. ಅದನ್ನು ಕೆಡವಿ, 2004ರಲ್ಲಿ ನಡೆದಾಡುವವರಿಗಷ್ಟೇ ಬಾಗಿದ ಲಿಬರ್ಟಿ ಸೇತುವೆ ಕಟ್ಟಿದರು. ಅಲ್ಲಿ ಎದುರಾದವರೆಲ್ಲ 'ಹೇಗಿದ್ದೀರಿ' ಅನ್ನುತ್ತಾರೆ. ತಲೆ ತಗ್ಗಿಸಿ ಹೋಗಬೇಡಿ, ನಿಂತು ಉತ್ತರ ಕೊಡಿ.

'ಯಾವ ಚರ್ಚಿಗೆ ಹೋಗ್ತೀರಿ?' ಎಂದೂ ಕೇಳುತ್ತಾರೆ. ಮುಜುಗರ ಬೇಡ, ಅದು ಇಲ್ಲಿ ಪರಿಚಯ ಬೆಳೆಸುವ ರೀತಿ. ಪಕ್ಕದ ಮಾಲ್ಡಿನ್ ಊರಿನಲ್ಲಿರುವ ವೇದಿಕ್ ಸೆಂಟರ್ ಎಂಬ ಹಿಂದೂ ದೇವಸ್ಥಾನಕ್ಕೆ ಹೋಗುತ್ತೇವೆ ಅಂದೆ. ಅಜ್ಜಿ ದೇವರ ಬಗ್ಗೆ, ಹಬ್ಬದ ಬಗ್ಗೆ ಒಂದು ಗಂಟೆ ಕೇಳಿಸಿಕೊಂಡರು. ಅವರ ತಟ್ಟೆಯನ್ನು ಬರಿದಾಗಿ ಹಿಂತಿರುಗಿಸಲು ಮನಸ್ಸು ಬರಲಿಲ್ಲ, ಕೋಡುಬಳೆ ತುಂಬಿ ಕೊಟ್ಟೆ. ಆ ತಟ್ಟೆ ಈಗಲೂ ಎರಡು ಮನೆಗಳ ನಡುವೆ ಓಡಾಡುತ್ತಿದೆ.