ಡಿಝಡ್ 302: ಬಿಚ್ಚುವ ಮೊದಲು ನಂಬರ್ ಓದಿ

1969ರ ಷೆವ್ರೊಲೆ ಕ್ಯಾಮರೊ ಝಡ್/28 ಅಂತ ಮಾರಾಟಕ್ಕೆ ಬರುವ ಕಾರುಗಳೆಲ್ಲ ನಿಜವಾದ ಝಡ್/28 ಆಗಿರುವುದಿಲ್ಲ. ಆ ವರ್ಷದ ವಿಐಎನ್ (ಕಾರಿನ ಗುರುತಿನ ನಂಬರ್) ನೋಡಿದರೆ ಅದು ವಿ8, ಅಂದರೆ ಎಂಟು ಸಿಲಿಂಡರಿನ ಕ್ಯಾಮರೊ ಅಂತ ಗೊತ್ತಾಗುತ್ತದೆ, ಅಷ್ಟೇ. ಪಟ್ಟೆ ಬಳಿದು ಬ್ಯಾಡ್ಜ್ ಅಂಟಿಸುವುದು ಯಾರಿಗೆ ಕಷ್ಟ? ಅದಕ್ಕೇ ಇಲ್ಲಿ ಮಿಶಿಗನ್‌ನಲ್ಲಿ ಇಂಥ ಎಂಜಿನ್ ಕೆಲಸ ಬಂದಾಗ ನಾನು ಸ್ಪ್ಯಾನರ್‌ಗಿಂತ ಮೊದಲು ಟಾರ್ಚ್ ಕೈಗೆತ್ತಿಕೊಳ್ಳುತ್ತೇನೆ.

ಝಡ್/28ರ 302 ಎಂಜಿನ್ ಹುಟ್ಟಿದ್ದು ರೇಸಿಗಾಗಿ. ಟ್ರಾನ್ಸ್-ಆ್ಯಮ್ ರೇಸಿನಲ್ಲಿ 5 ಲೀಟರ್, ಅಂದರೆ 305 ಘನ ಇಂಚಿನ ಮಿತಿ ಇತ್ತು. ಷೆವ್ರೊಲೆ ತನ್ನ 327 ಎಂಜಿನ್ನಿನ 4 ಇಂಚಿನ ಬೋರ್ (ಸಿಲಿಂಡರಿನ ಅಗಲ) ಮತ್ತು 283 ಎಂಜಿನ್ನಿನ 3 ಇಂಚಿನ ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) ಸೇರಿಸಿ 302 ಘನ ಇಂಚು ಮಾಡಿತು. 1967ರಲ್ಲಿ ತಯಾರಾದ ಝಡ್/28ಗಳು 602 ಮಾತ್ರ. ಕಂಪನಿ ಹೇಳಿದ್ದು 290 ಅಶ್ವಶಕ್ತಿ. ನನ್ನ ಪ್ರಕಾರ ಅದು ಬೇಕಂತಲೇ ಕಡಿಮೆ ಹೇಳಿದ ಲೆಕ್ಕ.

ಕಳೆದ ಬಾರಿ ಪರಿಚಯದವರೊಬ್ಬರು ಒಂದು 302 ತಂದಾಗ ನಾನು ಮಾಡಿದ್ದು ಹೀಗೆ. ಬಲಗಡೆಯ ಸಿಲಿಂಡರ್ ಹೆಡ್‌ನ ಮುಂದೆ, ಆಲ್ಟರ್ನೇಟರ್ ಹತ್ತಿರ, ಬ್ಲಾಕ್ ಮೇಲೆ ಒಂದು ಚಿಕ್ಕ ಸಮತಟ್ಟು ಜಾಗ ಇರುತ್ತದೆ. ಅದನ್ನೇ ಪ್ಯಾಡ್ ಅನ್ನುತ್ತಾರೆ. ಸಾಲ್ವೆಂಟ್ ಹಾಕಿ ಮೆತ್ತನೆಯ ಬ್ರಷ್‌ನಿಂದ ಜಿಡ್ಡು ತೆಗೆದೆ. ಅಲ್ಲಿಗೆ ವೈರ್ ಬ್ರಷ್, ಉಪ್ಪುಕಾಗದ ತಾಗಿಸಲೇಬಾರದು. ವಿ ಅಕ್ಷರ, ನಾಲ್ಕು ಅಂಕಿಯ ತಾರೀಖು, ಕೊನೆಗೆ ಡಿಝಡ್ ಕಾಣಿಸಿತು. ವಿ ಅಂದರೆ ಫ್ಲಿಂಟ್ ಕಾರ್ಖಾನೆ. ಡಿಝಡ್ ಅಂದರೆ 1969ರ ಕ್ಯಾಮರೊ 302. ಕಾರಿನ ವಿಐಎನ್‌ನ ಕೊನೆಯ ಭಾಗವೂ ಬ್ಲಾಕ್ ಮೇಲೆ ಇರಬೇಕು. ಕೆಲವು ಎಂಜಿನ್‌ಗಳಲ್ಲಿ ಅದು ಪ್ಯಾಡ್ ಮೇಲಿರದೆ ಆಯಿಲ್ ಫಿಲ್ಟರ್ ಹತ್ತಿರ ಇರುತ್ತದೆ.

ಅಕ್ಷರಕ್ಕಿಂತ ಜಾಸ್ತಿ ಹೊತ್ತು ನಾನು ನೋಡುವುದು ಅದರ ಹಿಂದಿನ ಗೀಟುಗಳನ್ನು. ಕಾರ್ಖಾನೆಯಲ್ಲಿ ಬ್ರೋಚಿಂಗ್ ಮಾಡಿದಾಗ, ಅಂದರೆ ಹಲ್ಲಿನ ಕಟರ್‌ನಿಂದ ಮೇಲ್ಮೈ ಸಮತಟ್ಟು ಮಾಡಿದಾಗ, ಪ್ಯಾಡ್ ಮೇಲೆ ಸಣ್ಣ ಸಣ್ಣ ಸಮಾನಾಂತರ ಗೀಟು ಬೀಳುತ್ತವೆ, ಮುಂದಿನಿಂದ ಹಿಂದಕ್ಕೆ. ಹಳೇ ನಂಬರ್ ಉಜ್ಜಿ ಹೊಸದು ಹೊಡೆದರೆ ಆ ಗೀಟು ಹೋಗಿಬಿಡುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಚೆನ್ನಾಗಿ ಕಾಣುತ್ತದೆ.

ಬ್ಲಾಕ್ ಹಿಂಭಾಗದ ಎರಕದ ನಂಬರ್ 3970010 ಅಂತ ಇದ್ದರೆ ಸುಮ್ನೆ ಹಿಗ್ಗಬೇಡಿ. ಅದೇ ನಂಬರ್ ಸಾಮಾನ್ಯ 350 ಎಂಜಿನ್‌ಗಳಲ್ಲೂ ಬೇಕಾದಷ್ಟಿದೆ. ಎರಕದ ತಾರೀಖು ನೋಡಿ. ಅದರಲ್ಲಿ ತಿಂಗಳಿಗೆ ಒಂದು ಅಕ್ಷರ: ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಮೊದಲು ಎರಕ, ಆಮೇಲೆ ಎಂಜಿನ್ ಜೋಡಣೆ, ಆಮೇಲೆ ಕಾರು. ಈ ಕ್ರಮ ತಪ್ಪಿದ್ದರೆ ಅದು ಆ ಕಾರಿನ ಎಂಜಿನ್ ಅಲ್ಲ.

ಒಂದೇ ಒಂದು ಇರುವ ಕಾರಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಆಗ ಝಡ್/28 ಮಾರಿದ್ದು ಗಟ್ಟಿ ಮಾಡಿನ ಕಾರಾಗಿ ಮಾತ್ರ. 1968ರಲ್ಲಿ ಷೆವ್ರೊಲೆ ಮುಖ್ಯಸ್ಥ ಪೀಟ್ ಎಸ್ಟೆಸ್ ಅವರಿಗಾಗಿ ಒಂದೇ ಒಂದು ಕನ್ವರ್ಟಿಬಲ್ (ಮಾಡು ಮಡಚುವ) ಝಡ್/28 ತಯಾರಾಯಿತು. ಎಸ್ಟೆಸ್‌ಗೆ ತೆರೆದ ಕಾರೇ ಇಷ್ಟ, ಅದಕ್ಕೇ ಸಹೋದ್ಯೋಗಿ ವಿನ್ಸ್ ಪಿಗಿನ್ಸ್ ಅದನ್ನು ಹಾಗೆ ಮಾಡಿಸಿದರು. ಎಷ್ಟು ಚಂದದ ಜಾಣತನ ಅಲ್ವಾ!

ಮೆಷಿನ್ ಶಾಪಿಗೆ ಬ್ಲಾಕ್ ಕೊಡುವಾಗ ನಾನು ಕಟ್ಟುನಿಟ್ಟಾಗಿ ಹೇಳುವುದು ಒಂದೇ ಮಾತು. ಪ್ಯಾಡ್ ಮತ್ತು ಹೆಡ್ ಕೂರುವ ಮೇಲ್ಮೈ ಒಂದೇ ಮಟ್ಟದಲ್ಲಿವೆ. ಮೇಲ್ಮೈ ಕೆರೆಯುವಾಗ ಕಟರ್ ಪ್ಯಾಡ್ ತನಕ ಬಂದರೆ ಐವತ್ತು ವರ್ಷದ ದಾಖಲೆ ಒಂದೇ ಸಲಕ್ಕೆ ಅಳಿಸಿಹೋಗುತ್ತದೆ. ಅದಕ್ಕೆ ಮೊದಲೇ ಕಟರ್ ನಿಲ್ಲಿಸುತ್ತೇನೆ ಅನ್ನುವವರಿಗೆ ಮಾತ್ರ ಕೆಲಸ ಕೊಡುತ್ತೇನೆ. ಮೇಲ್ಮೈ ನೆಟ್ಟಗಿದ್ದರೆ ಕೆರೆಸುವುದೇ ಇಲ್ಲ.

ಬೇರಿಂಗ್, ರಿಂಗ್ ಕೆಲಸ ಬೇರೆ ಷೆವಿ ಎಂಜಿನ್‌ಗಳ ಹಾಗೇ. ಬೇರೆಯಾಗುವುದು ಟ್ಯಾಪೆಟ್ ಹೊಂದಿಸುವಾಗ, ಅಂದರೆ ವಾಲ್ವ್‌ಗಳ ಸಂದು ಸರಿಮಾಡುವಾಗ. ಇದರ ಕ್ಯಾಮ್‌ಗೆ (ವಾಲ್ವ್‌ಗಳನ್ನು ತೆರೆಯುವ ದಂಡ) 30-30 ಅನ್ನುತ್ತಾರೆ, ಎಂಜಿನ್ ಬಿಸಿ ಇದ್ದಾಗ ಇನ್‌ಟೇಕ್ (ಒಳಬರುವ), ಎಕ್ಸಾಸ್ಟ್ (ಹೊರಹೋಗುವ) ಎರಡೂ ವಾಲ್ವ್‌ಗೆ 0.030 ಇಂಚು ಸಂದು. ಪಿಸ್ಟನ್ ಮೇಲ್ತುದಿಗೆ ತಂದು ಎರಡನ್ನೂ ಒಟ್ಟಿಗೆ ಹೊಂದಿಸುವ ರೂಢಿ ಇಲ್ಲಿ ನಡೆಯುವುದಿಲ್ಲ. ಈ ಕ್ಯಾಮ್‌ನ ರ‍್ಯಾಂಪ್ (ಉಬ್ಬಿಗೆ ಏರುವ ಇಳಿಜಾರು) ಉದ್ದ, ಟ್ಯಾಪೆಟ್ ಆಗಲೂ ಅದರ ಮೇಲೇ ಇರುತ್ತದೆ. ಅದಕ್ಕೆ ಎಕ್ಸಾಸ್ಟ್ ವಾಲ್ವ್ ತೆರೆಯಲು ಶುರುವಾದಾಗ ಅದೇ ಸಿಲಿಂಡರಿನ ಇನ್‌ಟೇಕ್ ಹೊಂದಿಸುತ್ತೇನೆ. ಇನ್‌ಟೇಕ್ ಮುಚ್ಚುತ್ತಾ ಬಂದಾಗ ಎಕ್ಸಾಸ್ಟ್. ನಿಧಾನದ ಕೆಲಸ, ಆದರೆ ಟಕಟಕ ಸದ್ದು ಒಂದೇ ಲಯಕ್ಕೆ ಬರುವುದು ಹೀಗೆ ಮಾಡಿದಾಗಲೇ.

ಹೊಸ ಕ್ಯಾಮ್ ಹಾಕಿದ್ದರಿಂದ ಜಿಂಕ್ ಜಾಸ್ತಿ ಇರುವ ಎಣ್ಣೆ ಹಾಕಿದೆ. ಸ್ಟಾರ್ಟ್ ಆದ ಕೂಡಲೇ 2,000 ಆರ್‌ಪಿಎಂ ಮೇಲೇರಿಸಿ ಸುಮಾರು ಇಪ್ಪತ್ತು ನಿಮಿಷ ಹಾಗೇ ಓಡಿಸಿದೆ, ಐಡಲ್‌ಗೆ ಬಿಡಲಿಲ್ಲ. ಆಮೇಲೆ ಎಣ್ಣೆ, ಫಿಲ್ಟರ್ ಬದಲಿಸಿ ಸಂದು ಮತ್ತೊಮ್ಮೆ ಅಳೆದೆ. ಕೆಲಸಕ್ಕೆ ಮುಂಚೆ ಮತ್ತು ಆಮೇಲೆ ತೆಗೆದ ಪ್ಯಾಡ್ ಫೋಟೊಗಳನ್ನು ಬಿಲ್ ಜೊತೆಗೇ ಅವರ ಫೈಲಿಗೆ ಸೇರಿಸಿ ಕೊಟ್ಟೆ.