ನೊಣದ ಜೀವಕೋಶದಲ್ಲಿ ಒಮೆಗಾ ಆರ್‌ಎನ್‌ಎ ನೋಡಿದ್ದು: ನನ್ನ ಅನುಭವ

ಹಣ್ಣಿನ ನೊಣವನ್ನು 37 ಡಿಗ್ರಿ ಶಾಖದಲ್ಲಿ ಇಟ್ಟರೆ ಅದರ ಜೀವಕೋಶಗಳು ದಿನದ ಕೆಲಸ ಬದಿಗಿಟ್ಟು ಕೆಲವೇ ಜೀನ್‌ಗಳನ್ನು ಜೋರಾಗಿ ಓದುತ್ತವೆ. 1962ರಲ್ಲಿ ಇಟಲಿಯ ವಿಜ್ಞಾನಿ ರಿಟೋಸಾ ಇದನ್ನು ಮೊದಲು ವರದಿ ಮಾಡಿದರು. ಆ ಜೀನ್‌ಗಳಲ್ಲಿ ಒಂದಾದ ಎಚ್‌ಎಸ್‌ಆರ್-ಒಮೆಗಾ ಹೇಳಿಕೊಳ್ಳುವಂಥ ಪ್ರೋಟೀನ್ ಕೊಡುವುದೇ ಇಲ್ಲ. ಅದರ ಕೆಲಸವೆಲ್ಲ ಆರ್‌ಎನ್‌ಎಯಿಂದಲೇ, ಅಂದರೆ ಜೀನ್ ಓದಿದಾಗ ಹುಟ್ಟುವ ನಕಲಿನಿಂದಲೇ; ಅದೇ ಒಮೆಗಾ ಆರ್‌ಎನ್‌ಎ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಲಖೋಟಿಯಾ ಅವರ ತಂಡ ದಶಕಗಳ ಕಾಲ ಇದರ ಬೆನ್ನು ಹತ್ತಿತ್ತು. ನಾನೂ ಇದಕ್ಕೆ ಮನಸೋತಿದ್ದು ಅವರ ಚಿತ್ರಗಳನ್ನು ನೋಡಿಯೇ.

ಈ ಆರ್‌ಎನ್‌ಎ ಎಷ್ಟಿದೆ ಅಂತ ಪಿಸಿಆರ್ ಎಂಬ ಪರೀಕ್ಷೆ ಹೇಳುತ್ತದೆ. ಆದರೆ ಎಲ್ಲಿ ಕೂತಿದೆ ಅಂತ ನೋಡದೆ ಅದರ ಕೆಲಸ ಅರ್ಥವಾಗುವುದಿಲ್ಲ. ಹಾಗಾಗಿ ನಾನು ಲಾರ್ವಾದ ಜೊಲ್ಲುಗ್ರಂಥಿ ಬಿಡಿಸಿ, ಈ ಆರ್‌ಎನ್‌ಎಗೆ ಅಂಟುವ ಹೊಳೆಯುವ ಪ್ರೋಬ್ ಹಾಕಿ ನೋಡುತ್ತೇನೆ. ಕೊನೆ ಹಂತದ, ಗಾಜಿನ ಮೇಲೆ ಹತ್ತುವ ದಪ್ಪ ಲಾರ್ವಾಗಳನ್ನೇ ಆರಿಸಬೇಕು. ಅರ್ಧಕ್ಕೆ ಶಾಖ, ಅರ್ಧಕ್ಕೆ ಬೇಡ. ಶಾಖ ಕೊಟ್ಟವನ್ನು ವಾಟರ್ ಬಾತ್‌ನಿಂದ ತೆಗೆದ ತಕ್ಷಣ ಬಿಡಿಸಿ ಫಿಕ್ಸ್ ಮಾಡಬೇಕು, ಅಂದರೆ ರಾಸಾಯನಿಕದಿಂದ ಇದ್ದ ಹಾಗೇ ಹಿಡಿದಿಡಬೇಕು. ತಡಮಾಡಿದರೆ ಜೀವಕೋಶ ಚೇತರಿಸಿಕೊಳ್ಳಲು ಶುರು ಮಾಡುತ್ತದೆ, ಚಿತ್ರ ಬದಲಾಗುತ್ತದೆ. ಒಂದು ಗ್ರಂಥಿಗೆ ಮೊದಲೇ ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ಎನ್‌ಏಸ್ ಹಾಕಿಡುತ್ತೇನೆ. ಅಲ್ಲೂ ಹೊಳಪು ಕಂಡರೆ ಅದು ಆರ್‌ಎನ್‌ಎ ಅಲ್ಲ, ಸುಮ್ನೆ ಅಂಟಿಕೊಂಡ ಪ್ರೋಬ್.

ಶಾಖವಿಲ್ಲದ ನ್ಯೂಕ್ಲಿಯಸ್‌ನಲ್ಲಿ ಸಣ್ಣ ಸಣ್ಣ ಚುಕ್ಕಿಗಳು ಚೆಲ್ಲಾಡಿರುತ್ತವೆ, ರಾಗಿ ಎರಚಿದ ಹಾಗೆ. ಇವಕ್ಕೆ ಒಮೆಗಾ ಸ್ಪೆಕಲ್ ಎನ್ನುತ್ತಾರೆ. ಆರ್‌ಎನ್‌ಎ ಸಂಸ್ಕರಿಸುವ ಎಚ್‌ಎನ್‌ಆರ್‌ಎನ್‌ಪಿ ಪ್ರೋಟೀನ್‌ಗಳು ಇವುಗಳಲ್ಲಿ ಕೂತಿರುತ್ತವೆ. ಶಾಖ ಕೊಟ್ಟಾಗ ಚುಕ್ಕಿಗಳು ಒಂದಕ್ಕೊಂದು ಸೇರಿ ದಪ್ಪವಾಗುತ್ತವೆ, ಕೊನೆಗೆ ಹೆಚ್ಚಿನ ಪ್ರೋಟೀನ್ 93ಡಿ ಎಂಬ, ಒಮೆಗಾ ಜೀನ್ ಇರುವ ಜಾಗದಲ್ಲೇ ಗುಂಪುಗೂಡುತ್ತದೆ. ಕಷ್ಟಕಾಲದಲ್ಲಿ ಪ್ರೋಟೀನ್‌ಗಳನ್ನು ಹಿಡಿದಿಟ್ಟು, ಮುಗಿದ ಮೇಲೆ ಬಿಡುವುದೇ ಇದರ ಮುಖ್ಯ ಕೆಲಸ ಅಂತ ನನಗೆ ಅನಿಸಿದ್ದು ಇಲ್ಲೇ. ಮನುಷ್ಯನ ಕೆಲವು ಜೀವಕೋಶಗಳಲ್ಲೂ ಶಾಖಕ್ಕೆ ಸ್ಯಾಟಲೈಟ್-3 ಆರ್‌ಎನ್‌ಎ ಹುಟ್ಟಿ ಪ್ರೋಟೀನ್ ಸೆಳೆದುಕೊಳ್ಳುತ್ತದೆ.

ಈ ಆರ್‌ಎನ್‌ಎಗೂ ರೋಗಕ್ಕೂ ನಂಟು ಕಾಣುವುದು ಹಂಟಿಂಗ್‌ಟನ್ ಬಗೆಯ, ನರಕೋಶ ಹಾಳಾಗುವ ಪಾಲಿಕ್ಯೂ ಕಾಯಿಲೆಗಳಲ್ಲಿ. ಉದ್ದವಾದ ಗ್ಲುಟಮಿನ್ ಸರಪಳಿ ಇರುವ ಪ್ರೋಟೀನ್ ಅನ್ನು ನೊಣದ ಕಣ್ಣಲ್ಲಿ ಮಾಡಿಸಿದರೆ ಕಣ್ಣು ಒರಟಾಗಿ ಬಣ್ಣ ಕಳೆದುಕೊಳ್ಳುತ್ತದೆ. ಅಲ್ಲಿ ಒಮೆಗಾ ಆರ್‌ಎನ್‌ಎಯನ್ನು ಆರ್‌ಎನ್‌ಎಐನಿಂದ (ಆರಿಸಿದ ಆರ್‌ಎನ್‌ಎಯನ್ನಷ್ಟೇ ಅಳಿಸುವ ವಿಧಾನ) ತಗ್ಗಿಸಿದರೆ ಕಣ್ಣು ಎಷ್ಟೋ ಸುಧಾರಿಸುತ್ತದೆ. ಬನಾರಸ್‌ನ ತಂಡ 2009ರಲ್ಲಿ ಇದನ್ನು ಪ್ರಕಟಿಸಿತು; ನನ್ನ ನೊಣಗಳಲ್ಲೂ ಅದೇ ಕಂಡಾಗ ಖುಷಿ ಹೇಳತೀರದು.

ಆದರೆ ಇದನ್ನು ನಂಬುವ ಮೊದಲು ಒಂದು ಹೋಲಿಕೆ ಬೇಕೇ ಬೇಕು. ಆರ್‌ಎನ್‌ಎಐ ಸೇರಿಸಿದಾಗ ನಾವು ಸೇರಿಸಿದ ಜೀನ್‌ಗಳನ್ನು ಚಾಲೂ ಮಾಡುವ ಗಾಲ್4 ಎಂಬ ಚಾಲಕ ಎರಡು ಕಡೆ ಹಂಚಿಹೋಗುತ್ತದೆ, ಪಾಲಿಕ್ಯೂ ಅಷ್ಟರಿಂದಲೇ ಕಡಿಮೆಯಾಗಬಹುದು ಅಲ್ವಾ? ಅದಕ್ಕೆ ಪಕ್ಕದ ವಯಲ್‌ನಲ್ಲಿ ಆರ್‌ಎನ್‌ಎಐ ಬದಲು ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಇರುವ ನೊಣ ಬೆಳೆಸುತ್ತೇನೆ. ಎರಡೂ ಒಂದೇ ಇನ್‌ಕ್ಯುಬೇಟರ್, ಒಂದೇ ಸಲ ಮಾಡಿದ ಆಹಾರ. ಗಾಲ್4 ಬಿಸಿಯಲ್ಲಿ ಜಾಸ್ತಿ ಚುರುಕು, ಹಾಗಾಗಿ ಒಂದೆರಡು ಡಿಗ್ರಿ ವ್ಯತ್ಯಾಸವೂ ಕಣ್ಣಲ್ಲಿ ಕಾಣಿಸುತ್ತದೆ. ಜಿಎಫ್‌ಪಿ ನೊಣದ ಕಣ್ಣು ಕೆಟ್ಟೇ ಇದ್ದು, ಆರ್‌ಎನ್‌ಎಐ ನೊಣದ ಕಣ್ಣು ಮಾತ್ರ ಚೆನ್ನಾಗಿದ್ದರೆ ಮುಂದಿನ ಪ್ರಯೋಗಕ್ಕೆ ಹೋಗುತ್ತೇನೆ.